ಚೀಟಿ ಇಲ್ಲದ ಫೋನು

ಹೊಸ ಐಫೋನ್ ಬಿಡುಗಡೆಯಾದ ವಾರ ನನ್ನ ಅಂಗಡಿಯಲ್ಲಿ ಹೊಸ ಫೋನ್ ಒಂದೂ ಮಾರಾಟವಾಗುವುದಿಲ್ಲ. ಆ ವಾರ ಬರುವುದೆಲ್ಲ ಹಳೆಯವು. ಪಟ್ಟಂದೂರು ಅಗ್ರಹಾರದಲ್ಲಿ, ಐಟಿ ಪಾರ್ಕಿನ ಹಿಂದಿನ ಗೇಟಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಸೆಕೆಂಡ್ ಹ್ಯಾಂಡ್ ಮೊಬೈಲ್ ಅಂಗಡಿ. ರಿಪೇರಿಯೂ ಉಂಟು. ಮೊದಲು ಪೀಣ್ಯದಲ್ಲಿ ಲೇತ್ ಮಷಿನ್ ಮುಂದೆ ನಿಂತಿದ್ದವನು, ಆಮೇಲೆ ಹೂಡಿಯ ಫುಟ್‌ಪಾತಿನಲ್ಲಿ ಮೊಬೈಲ್ ಕವರ್ ಹರಡಿಕೊಂಡು ಕೂತೆ, ಕೊನೆಗೆ ಇಲ್ಲಿ ಒಂದು ಶಟರ್ ಬಾಡಿಗೆಗೆ ಹಿಡಿದೆ. ಈ ವ್ಯಾಪಾರವನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಎದುರಿಗೆ ನಿಂತವನ ಮುಖ ನೋಡಿ, ಅವನು ಎಷ್ಟರವರೆಗೆ ಇಳಿಯುತ್ತಾನೆ ಎಂದು ಅಂದಾಜು ಮಾಡುತ್ತಲೇ ಕಲಿತದ್ದು.

ಬಿಡುಗಡೆಯ ವಾರ ಅಂಗಡಿಯಲ್ಲಿ ಎರಡು ಪಕ್ಷಗಳಾಗುತ್ತವೆ. ಟೀ ಕುಡಿಯಲು ಪಾರ್ಕಿನಿಂದ ಇಳಿದುಬಂದ ಹುಡುಗರು ಸ್ಕ್ರೀನ್ ಗಾರ್ಡ್ ಹಾಕಿಸುವ ನೆಪದಲ್ಲಿ ನಿಂತು ಜಗಳವಾಡುತ್ತಾರೆ.

"ಅದೇ ಫೋನ್ ಕಣೋ, ಬಣ್ಣ ಬೇರೆ. ಕ್ಯಾಮೆರಾ ಒಂದು ಚೂರು ಅತ್ತ ಸರಿಸಿದಾರೆ, ಅಷ್ಟೆ."

"ನೀನು ತಗೊಳ್ಳಕ್ಕಾಗಲ್ಲ ಅಂತ ಹಂಗಂತೀಯ ಮಗಾ. ನಿನ್ನ ಆಂಡ್ರಾಯ್ಡು ಎರಡು ವರ್ಷಕ್ಕೆ ಮುದುಕ ಆಗುತ್ತೆ."

"ಮುದುಕ ಆದ್ರೂ ಹೇಳಿದ ಮಾತು ಕೇಳುತ್ತೆ ಗುರು. ನಿಂದು ಹೆಜ್ಜೆಹೆಜ್ಜೆಗೂ ಪಾಸ್‌ವರ್ಡ್ ಕೇಳುತ್ತೆ, ಹುಡುಗಿ ಅಪ್ಪನ ಥರ."

ನಾನು ಯಾವ ಪಕ್ಷಕ್ಕೂ ಸೇರುವುದಿಲ್ಲ. ಎರಡೂ ಕಡೆಯವು ನನ್ನ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗುತ್ತವೆ. ಆದರೆ ಕೊಳ್ಳುವವನ ಕಣ್ಣಿನಿಂದ ನೋಡಿದರೆ ಒಂದು ವ್ಯತ್ಯಾಸ ಇದೆ, ಅದನ್ನು ನಾನು ಕೇಳಿದವರಿಗೂ ಕೇಳದವರಿಗೂ ಹೇಳುತ್ತೇನೆ. ಆಂಡ್ರಾಯ್ಡಿಗೂ ಬೀಗವಿದೆ, ಹೆಚ್ಚಿನ ಮಾಡೆಲ್‌ಗಳಲ್ಲಿ ಅದನ್ನು ಹೇಗೋ ತೆಗೆದುಕೊಡುವವರು ನಮ್ಮ ಲೈನಿನಲ್ಲಿ ಇದ್ದಾರೆ. ಐಫೋನ್ ಹಾಗಲ್ಲ. ಅದು ಲೀಸಿಗೆ ಹಾಕಿಕೊಂಡ ಮನೆಯ ಹಾಗೆ. ನೀವು ಒಳಗೆ ಸಂಸಾರ ಹೂಡಬಹುದು, ಬಾಗಿಲಿಗೆ ತೋರಣ ಕಟ್ಟಬಹುದು, ಎರಡನೇ ಕೀ ಮಾತ್ರ ಓನರ್ ಹತ್ತಿರವೇ ಇರುತ್ತದೆ. ಮೊದಲ ಯಜಮಾನ ಸೆಟ್ಟಿಂಗ್ಸಿನೊಳಗೆ ಹೋಗಿ, ತನ್ನ ಹೆಸರಿನ ಮೇಲೆ ಒತ್ತಿ, ಪಾಸ್‌ವರ್ಡ್ ಹಾಕಿ ಸೈನ್ ಔಟ್ ಮಾಡುವವರೆಗೆ ಆ ಫೋನು ಅವನದೇ. ಯಾರ ಕೈಯಲ್ಲಿದ್ದರೂ ಅವನದೇ.

ಅಂಥದ್ದೊಂದು ವಾರದಲ್ಲಿ ಹತ್ತಿರದ ದೊಡ್ಡ ಅಪಾರ್ಟ್‌ಮೆಂಟಿನ ಮೇಡಂ ಒಬ್ಬರು ಅಂಗಡಿಗೆ ಬಂದರು. ಕನ್ನಡದವರೇ. ಕೈಯಲ್ಲಿ ಹೊಸ ಐಫೋನು, ಪರ್ಸಿನಲ್ಲಿ ಹಳೆಯದು. ಹಳೆಯದರ ಹಿಂದಿನ ಗಾಜು ಜೇಡರ ಬಲೆಯ ಹಾಗೆ ಒಡೆದಿತ್ತು. ನಾನು ತಿರುಗಿಸಿ ನೋಡಿ ಒಂದು ಬೆಲೆ ಹೇಳಿದೆ.

"ಅಷ್ಟೇನಾ? ಆನ್‌ಲೈನಲ್ಲಿ ಡಬಲ್ ತೋರಿಸ್ತಾ ಇದೆ."

"ತೋರಿಸುತ್ತೆ ಮೇಡಂ. ಮನೆಗೆ ಬಂದ ಹುಡುಗ ಈ ಗಾಜು ನೋಡಿ ಅರ್ಧ ಮಾಡ್ತಾನೆ. ಬ್ಯಾಟರಿ ನೋಡಿ ಇನ್ನೊಂದಿಷ್ಟು ಕಿತ್ಕೊತಾನೆ. ಅದೆಲ್ಲ ನಾನು ಒಂದೇ ಸಲಕ್ಕೆ ಹೇಳ್ಬಿಟ್ಟೆ."

"ಇಷ್ಟಕ್ಕೆ ನಿಮಗೆ ಕೊಡೋ ಬದಲು ನಮ್ಮ ಅಡುಗೆಯವಳಿಗೆ ಕೊಡ್ತೀನಿ. ದೀಪಾವಳಿಗಾದ್ರೂ ಆಗುತ್ತೆ."

"ಕೊಡಿ ಮೇಡಂ, ಅವರೂ ಖುಷಿಯಾಗ್ತಾರೆ."

ಹಾಗೆ ಅಂದವರು ಸಾಮಾನ್ಯವಾಗಿ ರಸ್ತೆ ಮೂಲೆಯ ಬೇಕರಿ ತನಕ ಹೋಗಿ ವಾಪಸ್ ಬರುತ್ತಾರೆ. ಚೌಕಾಸಿಯಲ್ಲಿ ಜನ ಏನು ಬೇಕಾದರೂ ಹೇಳುತ್ತಾರೆ, ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಈ ಮೇಡಂ ವಾಪಸ್ ಬರಲಿಲ್ಲ.

ದೀಪಾವಳಿ ಮುಗಿದ ಮೇಲೆ ಅದೇ ಫೋನು ಬೇರೆ ಕೈಯಲ್ಲಿ ನನ್ನ ಅಂಗಡಿಗೆ ಬಂತು. ತಂದವಳು ನಮ್ಮ ಹಿಂದಿನ ಗಲ್ಲಿಯ ಶೀಟಿನ ಮನೆಗಳ ಸಾಲಿನಲ್ಲಿ ಬಾಡಿಗೆಗಿದ್ದ ಯಾದಗಿರಿ ಕಡೆಯ ಹೆಂಗಸು. ಗಂಡ ಗಾರೆ ಕೆಲಸಕ್ಕೆ ಹೋಗುತ್ತಿದ್ದ, ಒಬ್ಬಳೇ ಮಗಳು ಸರ್ಕಾರಿ ಶಾಲೆಗೆ. ಇವಳು ಆ ಅಪಾರ್ಟ್‌ಮೆಂಟಿನ ನಾಲ್ಕಾರು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ಜೋಳದ ರೊಟ್ಟಿ ಬಡಿಯುವವಳು ಎಂದು ಅಲ್ಲಿ ಅವಳಿಗೆ ಬೇಡಿಕೆ ಇತ್ತು.

"ಅಣ್ಣಾ, ಇದಕ್ಕ ಚಾರ್ಜರ್ ಬೇಕಾಗಿತ್ರಿ. ನಮ್ಮ ಮೇಡಂ ದೀಪಾವಳಿಗೆ ಕೊಟ್ಟಾರ."

ಅದು ಹಳೆಯ ಮಾಡೆಲ್, ಪಿನ್ನು ಬೇರೆ. ಶೀಟಿನ ಮನೆಗಳ ಸಾಲಿನಲ್ಲಿ ಎಲ್ಲರದ್ದೂ ಆಂಡ್ರಾಯ್ಡ್. ಒಬ್ಬರ ಚಾರ್ಜರ್ ಇನ್ನೊಬ್ಬರಿಗೆ ಆಗುತ್ತದೆ, ಉಪ್ಪು ಸಾಲ ಕೇಳಿದ ಹಾಗೆ ಚಾರ್ಜರ್ ಕೇಳುತ್ತಾರೆ. ಇವಳ ಫೋನಿಗೆ ಮಾತ್ರ ಯಾರದ್ದೂ ಆಗುತ್ತಿರಲಿಲ್ಲ. ಮೆಮೊರಿ ಕಾರ್ಡಿಗೆ ಜಾಗವಿಲ್ಲ ಎಂದು ಅವಳ ಗಂಡನಿಗೆ ಬೇಸರ. ಅವನ ಭಜನೆ ಪದಗಳೆಲ್ಲ ಕಾರ್ಡಿನಲ್ಲಿದ್ದವು. "ಇಷ್ಟು ದೊಡ್ಡ ಫೋನು, ಒಂದು ಪದ ಹಾಕಾಕ ಬರಂಗಿಲ್ಲ" ಎಂದು ನನ್ನ ಎದುರಿಗೇ ಅದನ್ನು ಬೈದಿದ್ದ. ಪಕ್ಕದ ಮನೆಯವಳು "ಏನವ್ವಾ, ಇನ್ ಮ್ಯಾಲ ನಮ್ಮ ಕೂಡ ಮಾತಾಡ್ತೀಯೋ ಇಲ್ಲೋ" ಎಂದು ನಲ್ಲಿಯ ಹತ್ತಿರ ಚುಚ್ಚಿದ್ದಳಂತೆ. ಅವಳಿಗೆ ಇದ್ಯಾವುದೂ ತಾಗಿರಲಿಲ್ಲ, ಕ್ಯಾಮೆರಾ ಒಂದಕ್ಕೆ ಅವಳು ಸೋತುಹೋಗಿದ್ದಳು. ಸಮವಸ್ತ್ರದಲ್ಲಿ ಮಗಳು, ಸಿಮೆಂಟ್ ಮೆತ್ತಿದ ಪಾದಗಳ ಸಮೇತ ಮಲಗಿದ ಗಂಡ, ಹಂಚಿನ ಮೇಲೆ ಉಬ್ಬಿದ ರೊಟ್ಟಿ, ಟ್ಯಾಂಕರ್ ಮುಂದಿನ ಕೊಡಗಳ ಸಾಲು, ಎಲ್ಲವನ್ನೂ ನನಗೆ ತೋರಿಸಿದಳು.

ಚಾರ್ಜರ್ ಕೊಡುತ್ತ ನಾನು ಸೆಟ್ಟಿಂಗ್ಸ್ ತೆಗೆದು ನೋಡಿದೆ. ಮೇಲೆ ಮೇಡಂ ಹೆಸರು ಹಾಗೇ ಕೂತಿತ್ತು. ಅವರು ಸಿಮ್ ತೆಗೆದಿದ್ದರು, ಸ್ಕ್ರೀನ್ ಲಾಕಿನ ನಂಬರ್ ಹೇಳಿಕೊಟ್ಟಿದ್ದರು, ಅಲ್ಲಿಗೆ ಕೊಟ್ಟದ್ದು ಮುಗಿಯಿತು ಎಂದುಕೊಂಡಿದ್ದರು.

"ಅಕ್ಕ, ಮೇಡಂ ಹತ್ರ ಸೈನ್ ಔಟ್ ಮಾಡಿಸ್ಕೊಂಡು ಬಿಡಿ. ಇವತ್ತೇ. ಎರಡು ನಿಮಿಷದ ಕೆಲಸ."

"ಕೇಳ್ತೀನ್ರಿ."

ಕೇಳಿದ್ದಳು. ಮೇಡಂ ಮೀಟಿಂಗಿನಲ್ಲಿದ್ದರಂತೆ, ಆಮೇಲೆ ಮಾಡಿಕೊಡುತ್ತೇನೆ ಎಂದು ಕೈಸನ್ನೆ ಮಾಡಿದರಂತೆ. ಇನ್ನೊಮ್ಮೆ ಕೇಳಿ ಎಂದರೆ ಅವಳು ಒಪ್ಪಲಿಲ್ಲ. "ಪುಕ್ಕಟೆ ಕೊಟ್ಟಾರ. ಬರೋಬ್ಬರಿ ಕೊಟ್ಟಿಲ್ಲ ಅಂತ ಹ್ಯಾಂಗ ಕೇಳ್ಲಿ ಅಣ್ಣಾ? ಅವ್ರಿಗೆ ಏನನ್ನಿಸ್ತದ?" ನನಗೆ ದುಡ್ಡು ಕೊಟ್ಟು ಕೊಂಡವರು ಒಂದು ಗೀರಿಗೂ ಜಗಳ ತೆಗೆಯುತ್ತಾರೆ. ಉಡುಗೊರೆ ಪಡೆದವರು ಬಾಯಿ ಬಿಡುವುದಿಲ್ಲ. ನೀವು ಯಾರಿಗಾದರೂ ಹಳೆಯ ಫೋನ್ ಕೊಡುವವರಿದ್ದರೆ ಇದು ನೆನಪಿರಲಿ, ಅವರು ಎರಡನೇ ಸಲ ಕೇಳುವುದಿಲ್ಲ.

ಒಂದು ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ ಅಂಗಡಿಯ ಮುಂದೆ ನಿಂತಿದ್ದಳು. ನಾನು ಇನ್ನೂ ಶಟರ್ ಪೂರ್ತಿ ಎತ್ತಿರಲಿಲ್ಲ.

"ಅಣ್ಣಾ, ಇದ್ರಾಗ ಏನೋ ಬರ್ದು ಬಂದದ ನೋಡ್ರಿ. ಏನ್ ಒತ್ತಿದ್ರೂ ಹೋಗವಲ್ದು."

ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು, ಕೆಳಗೆ ಒಂದು ನಂಬರು.

"ಈ ಫೋನ್ ಕಳೆದುಹೋಗಿದೆ, ಸಿಕ್ಕಿದವರು ಈ ನಂಬರಿಗೆ ಫೋನ್ ಮಾಡಿ ಅಂತ ಬರೆದಿದೆ ಅಕ್ಕ."

"ನನ್ ಕೈಯಾಗೇ ಅದಲ್ರಿ. ಎಲ್ಲಿ ಕಳದದ?"

ನಂಬರು ಯಾರದ್ದು ಎಂದು ಅವಳೇ ಗುರುತಿಸಿದಳು. ಅಂಕಿ ಓದಲು ಅವಳಿಗೆ ಬರುತ್ತಿತ್ತು. ಕೆಲಸದ ಮನೆಯ ಸಾಹೇಬರದ್ದು, ಮೇಡಂ ಅವರ ಗಂಡನದ್ದು. ಆಗ ಅವಳ ಮುಖ ಬದಲಾಯಿತು. ಫೋನ್ ಹೋದರೆ ಹೋಗಲಿ. ಕಳ್ಳಿ ಎಂಬ ಮಾತು ಒಂದು ಮನೆಯಿಂದ ಹೊರಬಿದ್ದರೆ ಆ ಅಪಾರ್ಟ್‌ಮೆಂಟಿನ ಎಲ್ಲ ಮನೆಯ ಅಡುಗೆಯೂ ಹೋಗುತ್ತದೆ, ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರಾಗಿ ಹುಡುಕಿಕೊಂಡು ಬರುವ ಮೊದಲು ನೀವೇ ಫೋನ್ ಹಿಡಿದುಕೊಂಡು ಹೋಗಿ ಎಂದೆ.

"ನೀವೂ ಬರ್ರಿ ಅಣ್ಣಾ. ಅವ್ರು ಇಂಗ್ಲಿಷ್ನಾಗ ಚಾಲೂ ಮಾಡಿದ್ರ ನನಗ ತಿಳಿಯಂಗಿಲ್ಲ."

ಶಟರ್ ಎಳೆದು ಹೊರಟೆ. ಅಡುಗೆಯವಳಿಗೆ ಕೊಡ್ತೀನಿ ಎಂದು ಮೇಡಂ ನನ್ನ ಮುಂದೆಯೇ ಅಂದಿದ್ದರಲ್ಲ, ಆ ಮಾತು ನನ್ನ ಹತ್ತಿರವಿತ್ತು. ಒಳ್ಳೆಯ ಮಾಲು ಕೈಯಲ್ಲಿದೆ ಎಂಬ ಧೈರ್ಯದಲ್ಲಿ ನಡೆದೆ.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಒಂದು ಪದ್ಧತಿ ಇದೆ. ಕೆಲಸದವರು ಒಳಗೆ ಹೋಗುವುದು ಗೇಟಿನ ಆ್ಯಪಿನಲ್ಲಿ ತಮ್ಮ ನಂಬರ್ ಒತ್ತಿ. ಹೊರಗೆ ಬರುವಾಗ ಚೀಲ ತೆಗೆದು ತೋರಿಸಬೇಕು. ಹಳೆಯ ಬಟ್ಟೆ, ಉಳಿದ ಪಲ್ಯದ ಡಬ್ಬಿ, ಮಗುವಿನ ಮುರಿದ ಸೈಕಲ್ಲು, ಏನೇ ಇದ್ದರೂ ಮನೆಯವರು ಬರೆದುಕೊಟ್ಟ ಚೀಟಿ ಇರಬೇಕು. ದೀಪಾವಳಿಯ ದಿನ ಅವಳ ಚೀಲದಲ್ಲಿದ್ದ ಸೀರೆಗೂ ಸ್ವೀಟ್ ಬಾಕ್ಸಿಗೂ ಚೀಟಿ ಇತ್ತು. ಫೋನು ಅವಳ ಕೈಯಲ್ಲಿತ್ತು. ಕೈಯಲ್ಲಿರುವ ಫೋನಿಗೆ ಯಾರೂ ಚೀಟಿ ಕೇಳುವುದಿಲ್ಲ. ಎಲ್ಲರ ಕೈಯಲ್ಲೂ ಒಂದು ಇದ್ದೇ ಇರುತ್ತದೆ.

ಸೆಕ್ಯೂರಿಟಿ ಸೂಪರ್‌ವೈಸರ್ ಹೂಡಿಯ ಹಳೇ ಊರಿನವನು. ಬಾಡಿಗೆ ಮನೆಗಳಿವೆ, ಹೊತ್ತು ಹೋಗಲಿ ಎಂದು ಈ ಕೆಲಸ. ಅವಳನ್ನು ಕಂಡ ಕೂಡಲೇ ಕುರ್ಚಿಯಿಂದ ಎದ್ದ.

"ಏನಮ್ಮೋ, ಸಾರು ಬೆಳಿಗ್ಗೆಯಿಂದ ನಿನ್ನೇ ಕೇಳ್ತಾವ್ರೆ. ಉಂಡ್ ಮನೇಲಿ ಇಂಗಾ ಮಾಡೋದು?"

"ನಾ ಏನೂ ಮಾಡಿಲ್ರಿ. ಮೇಡಂ ಕೊಟ್ಟಾರ."

"ಚೀಟಿ ಎಲ್ಲೈತೆ?"

"ಫೋನಿಗೆ ನೀವ್ಯಾವಾಗ ಚೀಟಿ ಕೇಳ್ತೀರ್ರಿ?"

"ಅಂಗಂದ್ರೆ ನಂದೇ ತಪ್ಪು ಅನ್ನು," ಎಂದು ಅವನು ಇಂಟರ್‌ಕಾಮ್ ಒತ್ತಿದ.

ಸಾಹೇಬರು ಇಳಿದು ಬಂದರು, ಹಿಂದೆ ಮೇಡಂ. ಸಾಹೇಬರು ಕೂಗಾಡುವ ಪೈಕಿಯಲ್ಲ. ಲೆಕ್ಕ ಹೊಂದದಿದ್ದರೆ ಸುಮ್ಮನಿರಲಾಗದ ಜಾತಿಯವರು. ಮೆಲ್ಲಗೆ, ಬಿಡಿಬಿಡಿಯಾಗಿ ಹೇಳಿದರು. ಅವರ ಮನೆಯ ಹಾಲ್‌ನಲ್ಲಿ ಸ್ಲೇಟಿನಷ್ಟು ದೊಡ್ಡ ಟ್ಯಾಬ್ಲೆಟ್ ಒಂದಿದೆ, ಗೋಡೆಗೆ ಹಾಕಿದ್ದು, ಅದರಲ್ಲಿ ಮನೆಯ ಫೋಟೊಗಳು ಒಂದರ ಹಿಂದೊಂದು ಬರುತ್ತಿರುತ್ತವೆ. ಹಿಂದಿನ ಸಂಜೆ ಕೂತು ನೋಡುತ್ತಿದ್ದಾಗ ತಮ್ಮ ಪ್ರವಾಸದ ಫೋಟೊಗಳ ಮಧ್ಯೆ ಯಾವುದೋ ಶೀಟಿನ ಮನೆ, ಯಾರದೋ ಪಾದ, ರೊಟ್ಟಿ, ಕೊಡಗಳು ಬಂದವಂತೆ. ಆಮೇಲೆ ಅಡುಗೆಯವಳೇ ಕನ್ನಡಿಯ ಮುಂದೆ ಫೋನ್ ಹಿಡಿದು ನಿಂತ ಚಿತ್ರ.

ನನಗೆ ಅರ್ಥವಾಯಿತು. ಸೈನ್ ಔಟ್ ಮಾಡದ ಫೋನು ಅವಳು ತೆಗೆದ ಒಂದೊಂದು ಚಿತ್ರವನ್ನೂ ನಿಷ್ಠೆಯಿಂದ ಹಳೆಯ ಯಜಮಾನರ ಮನೆಗೆ ಕಳಿಸುತ್ತಿತ್ತು.

"ಆ ಫೋನ್ ಎಕ್ಸ್‌ಚೇಂಜಿಗೆ ಹೋಯ್ತು ಅಂತ ಇವರು ನನಗೆ ಹೇಳಿದ್ರು," ಎಂದು ಸಾಹೇಬರು ಹೆಂಡತಿಯ ಕಡೆ ನೋಡಿದರು. "ನಾನು ಆ್ಯನಿವರ್ಸರಿಗೆ ಕೊಡಿಸಿದ್ದ ಫೋನ್ ಅದು. ಎಲ್ಲಿದೆ ಅಂತ ನೋಡಿದ್ರೆ ಪಟ್ಟಂದೂರು ತೋರಿಸ್ತು, ಅದಕ್ಕೇ ಮನೆಯಿಂದಲೇ ಲಾಕ್ ಮಾಡಿದೆ. ಎಕ್ಸ್‌ಚೇಂಜಿಗೆ ಹೋಗಿದ್ದು ಅಲ್ಲಿ ಹೇಗೆ ಸಿಗುತ್ತೆ?"

ಅಲ್ಲಿ ಇಡೀ ವಿಷಯ ನನ್ನ ಮುಂದೆ ಬಿಚ್ಚಿಕೊಂಡಿತು. ಗಂಡ ಕೊಡಿಸಿದ ಫೋನನ್ನು ಕೆಲಸದವಳಿಗೆ ಕೊಟ್ಟೆ ಎಂದರೆ ಬೇಜಾರಾಗುತ್ತದೆ ಎಂದು ಮೇಡಂ ಒಂದು ಸಣ್ಣ ಸುಳ್ಳು ಹೇಳಿದ್ದರು. ಯಾವ ಮನೆಯಲ್ಲಿ ಹೇಳುವುದಿಲ್ಲ ಅಂಥದ್ದು? ಈಗ ಒಂದು ಮಾತು ಬೇಕಿತ್ತು. ಹೌದು, ನಾನೇ ಕೊಟ್ಟೆ ಎಂಬ ಮಾತು. ಅಷ್ಟು ಅಂದಿದ್ದರೆ ರಾತ್ರಿ ಗಂಡಹೆಂಡತಿಗೆ ಒಂದು ಜಗಳ ಆಗುತ್ತಿತ್ತು, ಮುಗಿಯುತ್ತಿತ್ತು.

"ಮೇಡಂ, ಹೇಳ್ರಿ," ಎಂದಳು ಅವಳು. "ಹಬ್ಬದ ದಿನ ಒಲಿ ಮುಂದ ನನ್ ಕೈಗೆ ಇಟ್ರಿ. ಒಡದದ, ನೋಡಿ ಹಿಡ್ಕೋ ಅಂದ್ರಿ."

ಮೇಡಂ ತಮ್ಮ ಹೊಸ ಫೋನಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. "ಎಕ್ಸ್‌ಚೇಂಜಿಗೆ ಅಂತ ಕವರಲ್ಲಿ ಹಾಕಿ ಡ್ರಾಯರಲ್ಲಿ ಇಟ್ಟಿದ್ದೆ. ಎಕ್ಸ್‌ಚೇಂಜಿನವರು ಬಂದು ತಗೊಂಡು ಹೋದ್ರು ಅಂದ್ಕೊಂಡಿದ್ದೆ."

ಆಗ ನಾನು ಬಾಯಿ ಹಾಕಿದೆ. "ಮೇಡಂ, ನನ್ನ ಅಂಗಡೀಲಿ ನೀವೇ ಹೇಳಿದ್ರಲ್ಲ. ನಿಮಗೆ ಕೊಡೋ ಬದಲು ಅಡುಗೆಯವಳಿಗೆ ಕೊಡ್ತೀನಿ ಅಂತ."

"ರೇಟ್ ಕಮ್ಮಿ ಹೇಳಿದ್ರಿ, ಅದಕ್ಕೆ ಹಾಗಂದಿರಬಹುದು. ಕೊಟ್ಟೆ ಅಂತ ಹೇಳಿದ್ನಾ?"

ಚೌಕಾಸಿಯ ಮಾತಿಗೆ ಬೆಲೆ ಇಲ್ಲ ಎಂಬುದು ನನ್ನ ಕಸುಬಿನ ಮೊದಲ ಪಾಠ, ಅದನ್ನೇ ಅವರು ನನಗೆ ವಾಪಸ್ ಕೊಟ್ಟರು. ಸಾಹೇಬರು ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದರು.

"ನೀವು ಯಾರು?"

"ಸೆಕೆಂಡ್ ಹ್ಯಾಂಡ್ ಮೊಬೈಲ್ ಅಂಗಡಿಯೋರು ಸಾರ್," ಎಂದ ಸೂಪರ್‌ವೈಸರ್, ನಾನು ಬಾಯಿ ತೆರೆಯುವ ಮೊದಲೇ. "ಇಂಥವೆಲ್ಲ ಕೊನೇಗೆ ಅಲ್ಲಿಗೇ ಓಗೋದು."

ನಾನು ಬಂದದ್ದರಿಂದ ಅವಳಿಗೆ ಆದ ಲಾಭ ಅದು. ಒಬ್ಬಳು ಕದ್ದಳು ಎಂಬ ಕಥೆಗೆ ಮಾರುವವನೊಬ್ಬ ಬೇಕಾಗಿದ್ದ, ಅವನೂ ತಾನಾಗಿ ನಡೆದು ಬಂದಿದ್ದ. ಇನ್ನು ಸತ್ಯ ಸಾಧಿಸಲು ಹೋದರೆ ಸ್ಟೇಷನ್ನಿಗೆ ಹೋಗಬೇಕಾಗುತ್ತದೆ, ಅಲ್ಲಿ ಅವರ ಮಾತಿಗಿರುವ ತೂಕ ನಮ್ಮ ಮಾತಿಗಿಲ್ಲ. ನಷ್ಟದ ವ್ಯಾಪಾರದಲ್ಲಿ ಎಷ್ಟು ಉಳಿಸಬಹುದೋ ಅಷ್ಟು ಉಳಿಸಿಕೊಳ್ಳಬೇಕು. "ಸಾರ್, ಫೋನ್ ನಿಮ್ಮದೇ, ತಗೊಳ್ಳಿ. ಕಂಪ್ಲೇಂಟ್ ಬೇಡ. ವಿಷಯ ಇಲ್ಲಿಗೇ ಮುಗೀಲಿ," ಎಂದೆ.

ಅವಳು ನನ್ನ ತೋಳು ಹಿಡಿದು ತಡೆದಳು. "ಹಂಗ ಅನಬ್ಯಾಡ್ರಿ ಅಣ್ಣಾ. ಕೊಟ್ಟಿದ್ದು ಅಂದ್ರ ಈಗೇ ವಾಪಸ್ ಕೊಡ್ತೀನಿ. ಕದ್ದಿದ್ದು ಅಂದ್ರ ಕೊಡಂಗಿಲ್ಲ."

ಒಳಗಿಂದ ಒಂದು ಶಾಲೆ ಬಸ್ಸು ಬಂತು, ಎಲ್ಲರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟೆವು, ಮತ್ತೆ ಅದೇ ಜಾಗದಲ್ಲಿ ನಿಂತೆವು. ಆಗ ಮೇಡಂ ಗಂಡನ ತೋಳು ಮುಟ್ಟಿ ಹೇಳಿದರು, "ಹೋಗ್ಲಿ ಬಿಡಿ. ಬಡವರು. ಏನೋ ಆಸೆಗೆ ಬಿದ್ದಿದಾಳೆ, ಇಷ್ಟು ದಿನ ಚೆನ್ನಾಗಿ ಮಾಡ್ಕೊಂಡು ಹೋಗಿದಾಳೆ. ಪೊಲೀಸು ಗಿಲೀಸು ಬೇಡ."

ಮಾಡದ ಕಳ್ಳತನಕ್ಕೆ ಕ್ಷಮೆ ಸಿಕ್ಕಿತು. ಬೈದಿದ್ದರೆ ಅವಳು ಎದುರು ಮಾತಾಡುತ್ತಿದ್ದಳೇನೋ. ಕ್ಷಮೆಗೆ ಏನೆಂದು ಹೇಳುವುದು? ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ಫೋನಿನ ಪಕ್ಕದ ತೂತಿಗೆ ಒತ್ತಿ, ತನ್ನ ಸಿಮ್ ಈಚೆಗೆ ಎಳೆದುಕೊಂಡಳು. ಫೋನನ್ನು ಸೂಪರ್‌ವೈಸರ್ ಮೇಜಿನ ಮೇಲಿಟ್ಟಳು, ಮೇಡಂ ಕೈಗೆ ಕೊಡಲಿಲ್ಲ. ಸಾಹೇಬರು ಅಲ್ಲೇ ನಿಂತು ಪಾಸ್‌ವರ್ಡ್ ಹಾಕಿ ಎಲ್ಲ ಅಳಿಸಿದರು. ಎರಡು ನಿಮಿಷದ ಕೆಲಸ ಎಂದು ನಾನು ಅವಳಿಗೆ ಹೇಳಿದ್ದು ಸುಳ್ಳಲ್ಲ.

ಮಾರನೇ ದಿನ ಬೇರೆ ಮನೆಯ ಅಡುಗೆಗೆ ಹೋದವಳು ಗೇಟಿನಿಂದಲೇ ವಾಪಸ್ ಬಂದಳು. ಆ್ಯಪಿನಲ್ಲಿ ಅವಳ ಫೋಟೊದ ಮೇಲೆ ಕೆಂಪು ಗುರುತು ಬಿದ್ದಿತ್ತು. ಒಂದು ಮನೆಯವರು ಹಾಕಿದರೆ ಸಾಕು, ಎಲ್ಲ ಮನೆಗೂ ಕಾಣುತ್ತದೆ. ರೊಟ್ಟಿಗಾಗಿ ಅವಳನ್ನು ಹೊಗಳುತ್ತಿದ್ದ ಮನೆಗಳಿಂದ ಒಂದು ಫೋನೂ ಬರಲಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಕೇಳಿದಳು, ಅಲ್ಲೂ ಅದೇ ಆ್ಯಪು. ಶೀಟಿನ ಮನೆಗಳ ಸಾಲಿನಲ್ಲಿ ಕೆಲವರು ಅವಳ ಪರ, ಕೆಲವರು "ಅಷ್ಟು ದೊಡ್ಡ ಫೋನ್ ಯಾರ್ ಸುಮ್ಮ ಕೊಡ್ತಾರ" ಎನ್ನುವವರು. ಅವಳು ಒಂದು ಸಂಜೆ ಅಂಗಡಿಗೆ ಬಂದು ಒಂದೇ ಪ್ರಶ್ನೆ ಕೇಳಿದಳು.

"ಅಣ್ಣಾ, ಅದ್ರಾಗ ಇದ್ದ ಫೋಟೊ? ಮಗಳವು?"

"ಫೋನಲ್ಲಿದ್ದವು ಅಳಿಸಿ ಹೋದವು ಅಕ್ಕ. ಅವರ ಮನೆ ಟ್ಯಾಬ್ಲೆಟ್ಟಿಗೆ ಹೋಗಿದ್ದವು ಅವರಾಗಿ ತೆಗೆಯೋ ತನಕ ಇರ್ತವೆ."

"ಅಂದ್ರ ನನಗ ಗೇಟ್ ಒಳಗ ಬಿಡಂಗಿಲ್ಲ, ನನ್ ಮಗಳು ಅವ್ರ ಗ್ವಾಡಿ ಮ್ಯಾಲ ಅದಾಳ." ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ಕೆಂಪು ಗುರುತನ್ನು ತೆಗೆಸಲು ನಾನು ಇನ್ನೊಂದು ಪ್ರಯತ್ನ ಮಾಡಿದೆ. ಮೇಡಂ ಹೊಸ ಫೋನಿಗೆ ಸ್ಕ್ರೀನ್ ಗಾರ್ಡ್ ಹಾಕಿಸಲು ಬಂದಿದ್ದರು, ಏನೂ ಆಗಿಲ್ಲವೆಂಬಂತೆ. ಗಾಜು ಕೂರಿಸುತ್ತ ಮೆತ್ತಗೆ ಹೇಳಿದೆ.

"ಮೇಡಂ, ಆಗಿದ್ದಾಯ್ತು. ಆ್ಯಪಲ್ಲಿ ಆ ಕೆಂಪು ಗುರುತು ಒಂದು ತೆಗೆಸಿಬಿಡಿ. ನಿಮ್ಮ ಮನೆಗೆ ಬರೋದು ಬೇಡ, ಬೇರೆ ಮನೇಲಾದ್ರೂ ದುಡ್ಕೊಂಡು ತಿನ್ಲಿ."

"ನಾನು ಹಾಕಿದ್ದಲ್ಲ. ನಮ್ಮ ಯಜಮಾನ್ರು ಹಾಕಿದ್ದು."

"ನೀವು ಒಂದು ಮಾತು ಹೇಳಿದ್ರೆ ತೆಗೀತಾರೆ."

"ಯಾಕೆ ತೆಗೀಬೇಕು ಅಂತ ಕೇಳ್ತಾರಲ್ಲ," ಎಂದರು ಅವರು. ಪರ್ಸಿನ ಜಿಪ್ ಎಳೆದು, ತೆರೆದು, ಮತ್ತೆ ಎಳೆದರು. "ಆಗ ಏನ್ ಹೇಳ್ಲಿ?"

ಅವರ ಕಣ್ಣಿನಲ್ಲಿ ನೀರಿತ್ತು, ಅದನ್ನೂ ಬರೆಯಬೇಕು. ಆದರೆ ನಾನು ಮುಂದೆ ಮಾತಾಡಲಿಲ್ಲ. ಎದುರಿಗಿರುವವರು ಎಷ್ಟಕ್ಕೂ ಇಳಿಯುವುದಿಲ್ಲ ಎಂದು ಗೊತ್ತಾಗುವ ಒಂದು ಘಳಿಗೆ ಇರುತ್ತದೆ. ಅದು ಗೊತ್ತಾದ ಮೇಲೆ ಗಂಟಲು ಹರಿದುಕೊಂಡು ಪ್ರಯೋಜನವಿಲ್ಲ. ಗಾಳಿಗುಳ್ಳೆ ಒಂದೂ ಇಲ್ಲದಂತೆ ಗಾಜು ಒತ್ತಿ ಕೊಟ್ಟು ಕಳಿಸಿದೆ.

ಆ ತಿಂಗಳು ಮುಗಿಯುವ ಮೊದಲೇ ಅವಳೂ ಗಂಡನೂ ಶೀಟಿನ ಮನೆ ಖಾಲಿ ಮಾಡಿದರು. ಟಿ. ದಾಸರಹಳ್ಳಿಯಲ್ಲಿ ಅವಳ ಊರಿನವರು ಯಾರೋ ಇದ್ದರು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾತಾಡಿದ್ದರು. ಮಗಳ ಶಾಲೆ ವರ್ಷದ ಮಧ್ಯದಲ್ಲಿ ಬಿಡಿಸಿದ್ದಾಯಿತು. ಲಗೇಜ್ ಆಟೋದಲ್ಲಿ ಸ್ಟೌವು, ಕೊಡ, ಹಾಸಿಗೆ ಸುತ್ತು ಹೇರಿಕೊಂಡು ಗಂಡ ಮುಂದೆ ಕೂತಿದ್ದ. ಅವಳು ಇಳಿದು ಬಂದು "ಹೋಗ್ತೀನ್ರಿ" ಎಂದಳು. ಪೀಣ್ಯದ ಗೇಟುಗಳನ್ನು ನಾನು ಬಲ್ಲವನು, ಬುದ್ಧಿ ಹೇಳದೆ ಕಳಿಸಲು ಮನಸ್ಸಾಗಲಿಲ್ಲ.

"ಅಲ್ಲೂ ಹೊರಗೆ ಬರುವಾಗ ತಪಾಸಣೆ ಮಾಡ್ತಾರೆ ಅಕ್ಕ. ಯಾರು ಏನೇ ಕೊಟ್ಟರೂ ಚೀಟಿ ಇಲ್ಲದೆ ಮುಟ್ಟಬೇಡಿ."

"ಅಲ್ಲಿ ಯಾರೂ ಏನೂ ಕೊಡಂಗಿಲ್ಲಂತ ಅಣ್ಣಾ," ಎಂದಳು ಅವಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಆಟೋದ ಹಿಂಬದಿಗೆ ಹತ್ತುತ್ತ. "ಅದೇ ಚಲೋ."